ಕೆರೆಯಂಗಳದಲ್ಲಿ ವಿಮಾನ, ತಲೆ ಮೇಲೆ ದೋಣಿ

ಕ್ವಿಜ್ ಹುಚ್ಚು ಇರುವವರಿಗೆ ಒಂದು ಪ್ರಶ್ನೆ. ಹಿಂದೆ ಹಡಗುಗಳು ಕಾದಾಡಿದ ಜಾಗದಲ್ಲಿ ಇವತ್ತು ವಿಮಾನಗಳು ಇಳಿಯುತ್ತವೆ. ಎಲ್ಲಿ?

ಉತ್ತರ ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣ. ಅದು ಇರುವುದು ಬತ್ತಿಸಿದ ಸರೋವರದ ಅಂಗಳದಲ್ಲಿ. ಆ ಸರೋವರದ ಹೆಸರು ಹಾರ್ಲೆಮ್ಮರ್‌ಮೇರ್. 1573ರ ಮೇ 26ರಂದು ಅದರ ಮೇಲೆ ನೌಕಾಯುದ್ಧ ನಡೆಯಿತು. ಸ್ಪೇನ್ ರಾಜನ ವಿರುದ್ಧ ದಂಗೆ ಎದ್ದಿದ್ದ ಡಚ್ಚರು, ಅಂದರೆ ಈ ದೇಶದವರು, ಒಂದು ಕಡೆ. ಸ್ಪೇನ್ ಪರವಾದ ಹಡಗುಗಳು ಇನ್ನೊಂದು ಕಡೆ. ತಮಾಷೆ ಅಂದ್ರೆ ಆಗ ಆಮ್‌ಸ್ಟರ್‌ಡ್ಯಾಮ್ ಊರೇ ಸ್ಪೇನ್ ಪಕ್ಷದಲ್ಲಿತ್ತು. ದಂಗೆಕೋರರು ಸೋತರು. ಸ್ಪೇನ್ ಪಡೆಯ ಮುತ್ತಿಗೆಯಲ್ಲಿ ಹಸಿದು ಕೂತಿದ್ದ ಹಾರ್ಲೆಮ್ ಪಟ್ಟಣ ಜುಲೈನಲ್ಲಿ ಶರಣಾಯಿತು.

ನಾವಿರುವುದು ಅದೇ ಸರೋವರದ ಅಂಗಳದಲ್ಲಿ, ಹೋಫ್ಡೋರ್ಪ್ ಅನ್ನುವ ಊರಲ್ಲಿ. ಸಮುದ್ರ ಮಟ್ಟಕ್ಕಿಂತ ನಾಲ್ಕೈದು ಮೀಟರ್ ಕೆಳಗೆ. ಊರಿಂದ ಫೋನ್ ಮಾಡುವವರು ಕೇಳುವುದು ಒಂದೇ ಮಾತು, "ಭಯ ಆಗಲ್ವಾ?" ಎರಡನೇ ಪ್ರಶ್ನೆ ಟ್ಯೂಲಿಪ್ ಬಗ್ಗೆ. ಟ್ಯೂಲಿಪ್ ವಿಷಯ ಬಿಡಿ, ಅದರ ಫೋಟೋ ನಿಮ್ಮ ವಾಟ್ಸಾಪ್‌ನಲ್ಲಿ ನನಗಿಂತ ಜಾಸ್ತಿ ಇರುತ್ತೆ. ನೀರಿನ ಕಥೆ ಹೇಳುತ್ತೇನೆ. ಈ ದೇಶದ ವಿಚಿತ್ರ ಸಂಗತಿ ಯಾವುದನ್ನೇ ಎತ್ತಿಕೊಂಡರೂ ಕೊನೆಗೆ ಅದು ನೀರಿಗೇ ಬಂದು ನಿಲ್ಲುತ್ತದೆ.

ಮೊದಲು ನಮ್ಮ ಸರೋವರ. ಇಲ್ಲಿಯವರು ಅದಕ್ಕೆ ನೀರಿನ ತೋಳ ಅಂತಿದ್ದರು. ಯಾಕಂದ್ರೆ ಅದು ದಡ ತಿನ್ನುತ್ತಿತ್ತು. ಸುತ್ತಲಿನ ನೆಲ ಪೀಟ್, ಅಂದರೆ ಸಾವಿರಾರು ವರ್ಷ ನೀರಲ್ಲಿ ಕೊಳೆತ ಗಿಡಗಂಟಿಯ ಮೆತ್ತನೆ ಮಣ್ಣು. ಅದನ್ನು ಕಡಿದು ಒಣಗಿಸಿದರೆ ಒಲೆಗೆ ಉರುವಲು. ಜನ ಕಡಿದರು, ಗುಂಡಿ ಬಿತ್ತು, ಗುಂಡಿಗೆ ನೀರು ತುಂಬಿತು. ಗಾಳಿ ಬೀಸಿದಾಗ ಅಲೆ ಹೊಡೆದು ದಡ ಕುಸಿಯಿತು. ಬೇರೆ ಬೇರೆ ಇದ್ದ ಕೆರೆಗಳು ಸೇರಿ ಒಂದಾದವು. ನಡುವೆ ಇದ್ದ ಹಳ್ಳಿಗಳು ಮುಳುಗಿದವು. 1836ರ ನವೆಂಬರ್‌ನಲ್ಲಿ ಬಿರುಗಾಳಿಗೆ ನೀರು ಆಮ್‌ಸ್ಟರ್‌ಡ್ಯಾಮ್ ಬಾಗಿಲಿಗೆ ಬಂತು. ಅದೇ ವರ್ಷ ಕ್ರಿಸ್‌ಮಸ್ ದಿನ ಗಾಳಿ ದಿಕ್ಕು ಬದಲಿಸಿ ಲೈಡನ್ ಪಟ್ಟಣದ ಮೇಲೆ ನುಗ್ಗಿತು. ಇನ್ನು ಸಾಕು ಅಂತ ಸರ್ಕಾರ ತೀರ್ಮಾನಿಸಿತು.

1840ರಲ್ಲಿ ಕೆಲಸ ಶುರು. ಸರೋವರದ ಸುತ್ತ ಸುಮಾರು 60 ಕಿಲೋಮೀಟರ್ ಕಾಲುವೆ ತೋಡಿ, ಬದಿಗೆ ಏರಿ ಕಟ್ಟಿದರು. ಆಮೇಲೆ ಮೂರು ಉಗಿಯಂತ್ರಗಳನ್ನು ಇಟ್ಟು ನೀರೆತ್ತಿ ಕಾಲುವೆಗೆ ಸುರಿದರು. ಮೂರು ವರ್ಷಕ್ಕೂ ಜಾಸ್ತಿ ಹಗಲೂ ರಾತ್ರಿ ಎತ್ತಿದರು. 1852ರ ಜುಲೈ ಹೊತ್ತಿಗೆ ಸರೋವರ ಖಾಲಿ. ಸುಮಾರು 18,000 ಹೆಕ್ಟೇರ್ ಕೆಸರು ನೆಲ ಸಿಕ್ಕಿತು. ಕೊಂಡು ಉಳಲು ಬಂದ ಮೊದಲ ತಲೆಮಾರಿನವರಿಗೆ ಜ್ವರ, ಕಾಲರಾ ಕಾದಿತ್ತು. ಅವರ ಕಷ್ಟ ಯಾವ ಪ್ರವಾಸಿ ಪುಸ್ತಕದಲ್ಲೂ ಜಾಗ ಪಡೆಯುವುದಿಲ್ಲ.

ಆ ಮೂರು ಯಂತ್ರಗಳಲ್ಲಿ ಒಂದು ಇನ್ನೂ ಇದೆ. ಹೆಸರು ಕ್ರುಕಿಯಸ್. ನಮ್ಮ ಮನೆಯಿಂದ ಸೈಕಲ್ ದಾರಿ. ಕೋಟೆಯ ಬುರುಜಿನ ಥರ ದುಂಡಗಿನ ಕಟ್ಟಡ. ಗೋಡೆಯ ಕಿಂಡಿಗಳಿಂದ ಎಂಟು ಕಬ್ಬಿಣದ ತೊಲೆಗಳು ಸುತ್ತಲೂ ಆಚೆ ಚಾಚಿವೆ. ಒಳಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಮಾಡಿಸಿ ತಂದ ಉಗಿ ಸಿಲಿಂಡರ್. ಅದರ ಅಗಲ 3.66 ಮೀಟರ್. ನಮ್ಮ ಅಡುಗೆಮನೆ ಅದರೊಳಗೆ ಕೂರುತ್ತೆ. 1933ರವರೆಗೂ ಕೆಲಸ ಮಾಡಿತು. ಈಗ ಉಗಿ ಇಲ್ಲ, ಹೈಡ್ರಾಲಿಕ್ ಯಂತ್ರದಿಂದ ತೊಲೆಗಳನ್ನು ಆಡಿಸಿ ತೋರಿಸುತ್ತಾರೆ. ಒಳಗೆ ತೂಕ ಮೇಲೇರಿದಾಗ ಹೊರಗೆ ಎಂಟೂ ತೊಲೆ ಒಟ್ಟಿಗೆ ಕೆಳಗೆ ಬಾಗುತ್ತವೆ. ನಿಧಾನಕ್ಕೆ, ಸದ್ದೇ ಇಲ್ಲದೆ. ಅಷ್ಟು ಕಬ್ಬಿಣ ಅಷ್ಟು ಮೆತ್ತಗೆ ಆಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಊರಿಂದ ಅತ್ತೆ ಬಂದಾಗ ಸಂಜೆ ಆ ಏರಿ ಮೇಲೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಒಂದು ಕಡೆ ಕಾಲುವೆ ನೀರು, ಹತ್ತಿರ ಹತ್ತಿರ ಕಾಲಿನ ಮಟ್ಟಕ್ಕೇ. ಇನ್ನೊಂದು ಕಡೆ ಬಗ್ಗಿ ನೋಡಿದರೆ ಮನೆಗಳು, ತೋಟ, ಬಟ್ಟೆ ಒಣಹಾಕಿದ ಹಿತ್ತಲು. ಅತ್ತೆ ಎರಡೂ ಕಡೆ ನೋಡಿದರು. "ಅಳಿಯಂದ್ರೇ, ನೀರು ಮೇಲೆ, ಮನೆ ಕೆಳಗೆ. ಯಾವ ಮೇಸ್ತ್ರಿ ಕೈಲಿ ಕಟ್ಸಿದ್ರಿ ಇದನ್ನ?" ಅಂದರು. ಅವರದು ತುಮಕೂರು ಕಡೆ. ಕೆರೆ ಏರಿ ಕೆಳಗೆ ಗದ್ದೆ ಇರುತ್ತೆ ಅಂತ ಅವರಿಗೆ ಗೊತ್ತು. ಊರಿಗೆ ಊರೇ ಇರೋದು ಅವರಿಗೆ ಹೊಸದು. ಅವರನ್ನು ಹೇಗ್ ಪಟ್ಟಣದ ಕಡೆಗೆ ಕಾರಲ್ಲಿ ಕರೆದುಕೊಂಡು ಹೋಗುವಾಗ ಇನ್ನೊಂದು ತಮಾಷೆ ಆಯಿತು. ಎ4 ಹೆದ್ದಾರಿ ಒಂದು ಕಡೆ ಈ ಕಾಲುವೆಯ ಕೆಳಗೆ ನುಗ್ಗಿ ಹೋಗುತ್ತದೆ. 1961ರಲ್ಲಿ ಕಟ್ಟಿದ್ದು. ಕಾರು ಕೆಳಗೆ, ದೋಣಿ ಮೇಲೆ. ಅತ್ತೆ ಹಾಯಿದೋಣಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಅಂದ ಹಾಗೆ, ಸಮುದ್ರಕ್ಕಿಂತ ಕೆಳಗೆ ಬದುಕುವುದು ಇವರೊಬ್ಬರದೇ ಹೆಚ್ಚುಗಾರಿಕೆ ಅಲ್ಲ. ನಮ್ಮ ಪಕ್ಕದ ಕೇರಳದ ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಕೆರೆಯಂಗಳದಲ್ಲಿ ಊರು ಕಟ್ಟುವುದೂ ನಮಗೆ ಹೊಸದೇನಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯಲ್ಲಿ. ವ್ಯತ್ಯಾಸ ಇಷ್ಟೇ. ನಾವು ಕೆರೆ ಮುಚ್ಚಿ ಮರೆತುಬಿಟ್ಟೆವು, ಜೋರು ಮಳೆ ಬಂದಾಗ ನೀರಿಗೆ ಮಾತ್ರ ನೆನಪಾಗುತ್ತದೆ. ಇವರು ಮರೆಯುವ ಹಾಗಿಲ್ಲ. ಇವತ್ತೂ ಪಂಪು ಓಡುತ್ತಲೇ ಇರಬೇಕು. ನಿಲ್ಲಿಸಿದರೆ ಮಳೆ ನೀರು, ಒರತೆ ನೀರು ಸೇರಿ ಸರೋವರ ಮತ್ತೆ ಎದ್ದು ಕೂರುತ್ತದೆ.

ಹಾಗಾದರೆ ಸಮುದ್ರ ಮಟ್ಟ ಅಂದರೆ ಯಾವ ಸಮುದ್ರ? ಇದಕ್ಕೂ ಉತ್ತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಅಲ್ಲಿನ ಸಿಟಿ ಹಾಲ್ ಕಟ್ಟಡದಲ್ಲಿ ಒಂದು ಕಂಚಿನ ಗುಬುಟು ಇಟ್ಟಿದ್ದಾರೆ. ಅದು ಸೊನ್ನೆ. ಡಚ್ಚರು ಮಾತ್ರ ಅಲ್ಲ, ಜರ್ಮನಿಯವರು ಬೆಟ್ಟದ ಎತ್ತರ ಅಳೆಯುವುದೂ ಆಮ್‌ಸ್ಟರ್‌ಡ್ಯಾಮ್‌ನ ಸೊನ್ನೆಯಿಂದಲೇ. ಸ್ವಿಟ್ಜರ್ಲೆಂಡಿನವರು ಮೆಡಿಟರೇನಿಯನ್ ಸಮುದ್ರದಿಂದ ಅಳೆಯುತ್ತಾರೆ. ಎರಡು ಸೊನ್ನೆಗೂ 27 ಸೆಂಟಿಮೀಟರ್ ವ್ಯತ್ಯಾಸ. ಲಾಫೆನ್‌ಬುರ್ಗ್ ಅನ್ನುವ ಗಡಿ ಊರಲ್ಲಿ ರೈನ್ ನದಿಗೆ ಸೇತುವೆ ಕಟ್ಟುವಾಗ ಇಂಜಿನಿಯರ್‌ಗಳಿಗೆ ಈ ವ್ಯತ್ಯಾಸ ಗೊತ್ತಿತ್ತು. ಲೆಕ್ಕಕ್ಕೂ ತೆಗೆದುಕೊಂಡರು. ಆದರೆ ಕೂಡಬೇಕಾದಲ್ಲಿ ಕಳೆದುಬಿಟ್ಟರು. 2003ರಲ್ಲಿ ನೋಡಿದರೆ ಎರಡು ದಡದ ನಡುವೆ 54 ಸೆಂಟಿಮೀಟರ್ ಏರುಪೇರು! ಪ್ಲಸ್ಸು ಮೈನಸ್ಸು ತಪ್ಪು ಮಾಡಿ ಬೈಸಿಕೊಂಡ ಮಕ್ಕಳಿಗೆ ಈ ಕಥೆ ಖಂಡಿತಾ ಹೇಳಿ.

ಅದೇ ಸಿಟಿ ಹಾಲ್‌ನಲ್ಲಿ ನೀರು ತುಂಬಿದ ಮೂರು ಗಾಜಿನ ಕಂಬಗಳಿವೆ. ಎರಡರಲ್ಲಿ ಈ ಹೊತ್ತಿನ ಸಮುದ್ರದ ಮಟ್ಟ ಕಾಣುತ್ತದೆ. ಮೂರನೆಯದರಲ್ಲಿ ನೀರು ತಲೆಗಿಂತ ಎಷ್ಟೋ ಮೇಲೆ, 4.55 ಮೀಟರ್. 1953ರ ಪ್ರವಾಹದ ಮಟ್ಟ ಅದು. ಆ ವರ್ಷ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1 ಆಗುವ ಹೊತ್ತಿಗೆ ಏರಿಗಳು ಒಡೆದು ಈ ದೇಶದಲ್ಲಿ 1,836 ಜನ ಸತ್ತರು. ಆ ರಾತ್ರಿಯ ಒಂದು ಪ್ರಸಂಗ ಇಲ್ಲಿ ಎಲ್ಲರಿಗೂ ಗೊತ್ತು. ರಾಟರ್‌ಡ್ಯಾಮ್ ಹತ್ತಿರ ನ್ಯೂವೆರ್‌ಕೆರ್ಕ್ ಅನ್ನುವ ಊರಿನ ಬಳಿ ಏರಿ ಬಾಯಿಬಿಟ್ಟಿತು. ಅದರ ಹಿಂದೆ ಲಕ್ಷಾಂತರ ಜನರಿದ್ದ ತಗ್ಗು ನಾಡು. ಆರಿ ಎವರ್‌ಗ್ರೂನ್ ಅನ್ನುವ ದೋಣಿ ಕ್ಯಾಪ್ಟನ್‌ಗೆ ಮೇಯರ್ ಹೇಳಿ ಕಳಿಸಿದರು, ನಿನ್ನ ದೋಣಿಯಿಂದಲೇ ಆ ತೂತು ಮುಚ್ಚು ಅಂತ. ಸರಕು ಸಾಗಿಸಿ ಹೊಟ್ಟೆ ಹೊರೆಯುವವನಿಗೆ ದೋಣಿಯೇ ಆಸ್ತಿ. ಹೋದರೆ ಎಲ್ಲವೂ ಹೋದಂತೆ. ಅವನು ತಿರುಗಿಸಿ ತಂದು ಬಿಟ್ಟ. ನೀರಿನ ಸೆಳೆತವೇ ದೋಣಿಯನ್ನು ಎಳೆದು ಏರಿಗೆ ಅಡ್ಡಲಾಗಿ ಒತ್ತಿ ನಿಲ್ಲಿಸಿತು. ಏರಿ ಉಳಿಯಿತು. ಅದರ ಹಿಂದಿನ ಜನರೂ ಉಳಿದರು. ದೇಶದ ಅತಿ ತಗ್ಗಿನ ಜಾಗ ಅಂತ ಬೋರ್ಡ್ ಹಾಕಿರುವುದೂ ಇದೇ ಊರಲ್ಲಿ, ಸೊನ್ನೆಗಿಂತ 6.76 ಮೀಟರ್ ಕೆಳಗೆ.

ತಗ್ಗು ಹೇಳಿದ ಮೇಲೆ ಎತ್ತರವನ್ನೂ ಹೇಳಬೇಕಲ್ಲ. ಇಲ್ಲಿನ ಅತಿ ಎತ್ತರದ ಗುಡ್ಡ 322 ಮೀಟರ್. ಇವರು ಅದಕ್ಕೂ ಬೆಟ್ಟ ಅಂತಾರೆ, ನಗಬೇಡಿ. ಆದರೆ ಕೆರಿಬಿಯನ್ ಸಮುದ್ರದಲ್ಲಿ ಸಾಬಾ ಅನ್ನುವ ಪುಟ್ಟ ದ್ವೀಪವೂ ನೆದರ್‌ಲೆಂಡ್ಸ್‌ನದೇ. ಅಲ್ಲಿನ ಜ್ವಾಲಾಮುಖಿ ಬೆಟ್ಟ ಸುಮಾರು 880 ಮೀಟರ್. ಕಾಗದದ ಮೇಲೆ ದೇಶದ ತುತ್ತತುದಿ ಅದು. ಬೆಂಗಳೂರಿನ ಬಸವನಗುಡಿಯಲ್ಲಿ ಕೂತು ಕಾಫಿ ಕುಡಿಯುವವರು ಇದಕ್ಕಿಂತ ಮೇಲಿದ್ದಾರೆ. ಇನ್ನೊಂದು ಗಡಿ ವಿಷಯ: ಫ್ರಾನ್ಸ್‌ಗೂ ಡಚ್ಚರಿಗೂ ಯುರೋಪಿನಲ್ಲಿ ಗಡಿ ಇಲ್ಲ, ನಡುವೆ ಬೆಲ್ಜಿಯಂ ಇದೆ. ಆದರೆ ಸಾಬಾ ಪಕ್ಕದ ಸೇಂಟ್ ಮಾರ್ಟಿನ್ ದ್ವೀಪವನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಅಲ್ಲಿ ಗಡಿ ಇದೆ.

ಇಲ್ಲಿ ಜಾಸ್ತಿ ಹೆದರುವುದು ಮಳೆಗೆ ಅಂದುಕೊಂಡಿರಾ? ಬರಗಾಲಕ್ಕೂ ಅಷ್ಟೇ ಹೆದರುತ್ತಾರೆ. 2003ರ ಆಗಸ್ಟ್‌ನಲ್ಲಿ ವಿಲ್ನಿಸ್ ಅನ್ನುವ ಊರಲ್ಲಿ ಮಳೆಯೇ ಇಲ್ಲದೆ ಏರಿ ಒಡೆಯಿತು. ಅದು ಪೀಟ್ ಮಣ್ಣಿನ ಏರಿ. ಬಿಸಿಲಿಗೆ ಒಣಗಿ ಹಗುರಾಯಿತು, ಹಿಂದಿನ ಕಾಲುವೆ ನೀರು ಅದನ್ನು ಪಕ್ಕಕ್ಕೆ ತಳ್ಳಿಬಿಟ್ಟಿತು. ಬೇಸಿಗೆಯಲ್ಲಿ ಬೀದಿ ತುಂಬ ನೀರು. ಅಲ್ಲಿಂದೀಚೆಗೆ ಬರ ಬಂದರೆ ಜನ ಏರಿ ಮೇಲೆ ನಡೆದು ಬಿರುಕು ಹುಡುಕುತ್ತಾರೆ.

ಹಳೇ ಆಮ್‌ಸ್ಟರ್‌ಡ್ಯಾಮ್‌ಗೂ ಇದೇ ತಲೆನೋವು. ಊರು ನಿಂತಿರುವುದು ಮರದ ಕಂಬಗಳ ಮೇಲೆ. ಡಾಮ್ ಚೌಕದ ಅರಮನೆಯ ಕೆಳಗೇ 13,659 ಕಂಬ. ಇಲ್ಲಿನ ಮಕ್ಕಳು ಇದನ್ನು ಸುಲಭವಾಗಿ ನೆನಪಿಟ್ಟುಕೊಳ್ಳುತ್ತಾರೆ. ವರ್ಷದ 365 ದಿನ, ಮುಂದೆ ಒಂದು, ಹಿಂದೆ ಒಂಬತ್ತು. ಮರ ನೀರಿನಲ್ಲಿ ಮುಳುಗಿದ್ದರೆ ಗಾಳಿ ತಾಕುವುದಿಲ್ಲ, ಶತಮಾನಗಟ್ಟಲೆ ಬಾಳುತ್ತದೆ. ಅಂತರ್ಜಲ ಇಳಿದು ಕಂಬದ ತಲೆ ಹೊರಗೆ ಬಂತೋ, ಕೊಳೆಯಲು ಶುರು. ನಮ್ಮಲ್ಲಿ ಪಾಯಕ್ಕೆ ನೀರು ಬಂದರೆ ಗಾಬರಿ, ಇಲ್ಲಿ ಪಾಯದ ನೀರು ಹೋದರೆ ಗಾಬರಿ.

ಇಷ್ಟೆಲ್ಲ ನೋಡಿಕೊಳ್ಳುವವರು ಯಾರು? ಜಲಮಂಡಳಿ. ಬೆಂಗಳೂರಿನದ್ದರ ಹಾಗೆ ನಲ್ಲಿ ನೀರು ಕೊಡುವುದು ಇದರ ಕೆಲಸ ಅಲ್ಲ. ಏರಿ, ಕಾಲುವೆ, ಪಂಪು, ಕೊಳಚೆ ನೀರಿನ ಶುದ್ಧೀಕರಣ ಇದರ ಪಾಲು. ದೇಶದಲ್ಲಿ ಇಂಥವು 21 ಇವೆ. ನಮ್ಮ ಭಾಗದ್ದು ಹುಟ್ಟಿದ್ದು 13ನೇ ಶತಮಾನದಲ್ಲಿ. ಸೋಮನಾಥಪುರದ ಕೇಶವ ದೇವಸ್ಥಾನ ಎದ್ದ ಕಾಲ ಅದು. ಇವರ ಸಂಬಳದ ಪಟ್ಟಿಯಲ್ಲಿ ಇಲಿ ಹಿಡಿಯುವವರೂ ಇದ್ದಾರೆ. ಮಸ್ಕ್‌ರ‍್ಯಾಟ್ ಅನ್ನುವ ಪ್ರಾಣಿ ಅಮೆರಿಕದ್ದು. 1905ರಲ್ಲಿ ತುಪ್ಪಳದ ಆಸೆಗೆ ಪ್ರಾಗ್ ಹತ್ತಿರ ಒಬ್ಬ ಜಮೀನ್ದಾರ ತಂದು ಬಿಟ್ಟ. ಅದು ಹರಡುತ್ತಾ 1941ರಲ್ಲಿ ಇಲ್ಲಿಗೂ ಬಂತು. ಏರಿಯೊಳಗೆ ಬಿಲ ತೋಡುವುದೇ ಅದರ ಸ್ವಭಾವ. ಹೆಗ್ಗಣ ಬದು ಕೊರೆಯುವ ಕಷ್ಟ ಗೊತ್ತಿರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಲಮಂಡಳಿಯ ತೆರಿಗೆ ಚೀಟಿ ವರ್ಷಕ್ಕೊಮ್ಮೆ ಮನೆಗೆ ಬರುತ್ತದೆ. ನಾವು ಬಂದಾಗ ಕೊಳಚೆ ನೀರಿನ ಲೆಕ್ಕ ಹೀಗಿತ್ತು: ಒಬ್ಬರೇ ಇದ್ದರೆ ಒಂದು ಪಾಲು, ಇಬ್ಬರಿದ್ದರೆ ಮೂರು ಪಾಲು. ಮದುವೆಯಾದವರ ಮೇಲೆ ಏನು ಕೋಪವೋ!

ದುಡ್ಡು ಕಟ್ಟಿದ್ದಕ್ಕೆ ಓಟೂ ಇದೆ. ಕಾನೂನು ಪ್ರಕಾರ ನೆಲೆಸಿದ ಹೊರದೇಶದವರೂ ಜಲಮಂಡಳಿ ಚುನಾವಣೆಯಲ್ಲಿ ಓಟು ಹಾಕಬಹುದು. ಊರಲ್ಲಿ ಓಟು ಹಾಕಬೇಕಾದರೆ ನಾನು ವಿಮಾನ ಹತ್ತಬೇಕು, ಇಲ್ಲಿ ಸೈಕಲ್ ಸಾಕು. ಮತಪತ್ರ ಬಿಚ್ಚಿದರೆ ಟೇಬಲ್ ತುಂಬ ಹರಡುತ್ತದೆ. ಕೆಂಪು ಪೆನ್ಸಿಲ್ಲಿನಲ್ಲಿ ಒಂದು ದುಂಡನೆ ಚುಕ್ಕಿ ತುಂಬಿಸಬೇಕು. ಇವರ ಬಳಿ ಮತಯಂತ್ರ ಇತ್ತು. ಅದನ್ನು ತಿರುಚಬಹುದು ಅಂತ ಕೆಲವರು ಮಾಡಿ ತೋರಿಸಿದ ಮೇಲೆ 2008ರ ಹೊತ್ತಿಗೆ ಪೂರ್ತಿ ಕೈಬಿಟ್ಟು ಕಾಗದಕ್ಕೆ ಮರಳಿದರು.

ಓಟಿನ ಜಗಳವೂ ನೀರಿನದೇ. ಕಾಲುವೆ ಮಟ್ಟ ಕೆಳಗಿರಲಿ ಅಂತಾರೆ ಹಸು ಸಾಕುವವರು. ಇಲ್ಲದಿದ್ದರೆ ಪೀಟ್ ನೆಲದಲ್ಲಿ ಟ್ರಾಕ್ಟರ್ ಹೂತುಕೊಳ್ಳುತ್ತದೆ. ಮಟ್ಟ ಮೇಲಿರಲಿ ಅಂತಾರೆ ಹಳೇ ಮನೆಯವರು, ಪರಿಸರದವರು. ಪೀಟ್ ಒಣಗಿದರೆ ಗಾಳಿಗೆ ಕರಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನೆಲ ಇನ್ನೂ ಕುಸಿಯುತ್ತದೆ. ಕುಸಿದಷ್ಟೂ ಪಂಪು ಜಾಸ್ತಿ ಓಡಬೇಕು. 2023ರಲ್ಲಿ ರೈತರ ಪಕ್ಷ ಜೋರಾಗಿ ಗೆದ್ದಿತು. ಮುಂದಿನ ಚುನಾವಣೆ 2027ರಲ್ಲಿ. ನಮ್ಮ ಮನೆಯಲ್ಲಿ ಈಗಲೇ ಎರಡು ಬಣ. ನನ್ನವಳು ಹಳೇ ಮನೆಗಳ ಕಡೆ. ನಾನು ಹಸು ಕಟ್ಟಿದ ಮನೆಯವನು, ಮನಸ್ಸು ರೈತರ ಕಡೆ ವಾಲುತ್ತದೆ. ಆದರೆ ನೆಲ ಕುಸಿಯುವ ಲೆಕ್ಕ ಹಾಕಿದರೆ ಅವಳ ಮಾತಿಗೇ ತೂಕ ಜಾಸ್ತಿ.