ಹಿನ್ನೀರಿನಲ್ಲಿ ತಲೆಕೆಳಗಾದ ಪಂಪು

ಮುನಿರಾಬಾದಿನ ಹತ್ತಿರ ಮೋಟಾರ್ ರಿಪೇರಿ ಮಾಡುವವನು ನಾನು. ಬೇಸಿಗೆ ಹತ್ತಿರವಾಗಿ ತುಂಗಭದ್ರೆಯ ಹಿನ್ನೀರು ಸರಿದಂತೆಲ್ಲ ರೈತರ ಪೈಪುಗಳೂ ಅದರ ಬೆನ್ನು ಹತ್ತುತ್ತವೆ. ಪೈಪಿನ ತುದಿಯಲ್ಲಿ ಕಸ ತಡೆಯುವ ಜಾಲರಿಯಿರುವ, ಕೆಸರು ಕಟ್ಟಿದ ಫುಟ್‌ವಾಲ್ವ್ ಬಿಚ್ಚಿ ತೊಳೆಯುವುದೇ ನನ್ನ ಕೆಲಸ. ಹೋದ ಫೆಬ್ರವರಿಯಲ್ಲಿ ಹೀಗೆ ಮಂಡಿಯುದ್ದದ ಕೆಸರಿನಲ್ಲಿ ನಿಂತಿದ್ದಾಗ, ಎದುರಿಗೆ ಹದಿನೇಳು ರಾಜಹಂಸಗಳು (ಫ್ಲೆಮಿಂಗೊಗಳು) ಅದೇ ಕೆಸರನ್ನು ಸೋಸುತ್ತಿದ್ದವು.

ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಡುತ್ತವೆ. ನಾಲಿಗೆ ಪಿಸ್ಟನ್ನಿನಂತೆ ಸೆಕೆಂಡಿಗೆ ಹಲವು ಬಾರಿ ಹಿಂದೆಮುಂದೆ ಆಡಿ ನೀರನ್ನು ಎಳೆದು ಹೊರದಬ್ಬುತ್ತದೆ. ಕೊಕ್ಕಿನ ಅಂಚಿನ ಜಾಲರಿ ಪಾಚಿ, ಹುಳು, ಪುಟ್ಟ ಸಿಗಡಿಗಳನ್ನು ತಡೆದಿಟ್ಟುಕೊಳ್ಳುತ್ತದೆ. ಹಾಲು ನೀರನ್ನು ಬೇರ್ಪಡಿಸುವ ಹಂಸದ ಕಥೆಯನ್ನು ನಾನೆಂದೂ ನಂಬಿದವನಲ್ಲ. ಆದರೆ ಇದು ಕೆಸರಿನಿಂದ ಊಟವನ್ನು ಬೇರ್ಪಡಿಸುವುದನ್ನು ಕಣ್ಣಾರೆ ಕಂಡೆ. ಇದರ ಜಾಲರಿ ಕಟ್ಟಿಕೊಳ್ಳುವುದೇ ಇಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಯೂ ಉರಿಯಿತು.

ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಆಹಾರದಲ್ಲಿನ ಬಣ್ಣದ ಅಂಶಗಳಾದ ಕ್ಯಾರೊಟಿನಾಯ್ಡ್‌ಗಳಿಂದ ಬಂದದ್ದು. ಮರಿಗಳು ಬೂದು; ಕೊಕ್ಕೂ ನೆಟ್ಟಗೆ. ಈ ಗುಂಪಿನಲ್ಲಿಯೂ ಮೂರು ಇನ್ನೂ ಮಾಸಲಾಗಿದ್ದವು. ಕಚ್ಛದ ರಣದಲ್ಲಿ ಕೆಸರಿನ ಗುಡ್ಡೆ ಕಟ್ಟಿ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತವೆ. ಗಂಡೂ ಹೆಣ್ಣೂ ಗಂಟಲಿನಿಂದ ಹಾಲಿನಂಥ ಕೆಂಪು ದ್ರವವನ್ನು ಒಸರಿಸಿ ಮರಿಗೆ ಉಣಿಸುತ್ತವೆ.

"ಆಯಿತೇನಪ್ಪಾ?" ಎಂದು ಗೌಡರು ದಡದಿಂದ ಕೂಗಿದರು. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ರೆಕ್ಕೆಯಲ್ಲಿ ಕೆಂಪು, ಅಂಚಿಗೆ ಕಪ್ಪು. ಫುಟ್‌ವಾಲ್ವ್ ಇನ್ನೂ ನನ್ನ ಕೈಯಲ್ಲೇ ಇತ್ತು.