ಗಂಡ ಸಿಕ್ಕಿದ, ಊರು ಸಿಗಬೇಕಿತ್ತು

ಧಾರವಾಡಕ್ಕೆ ಹೋದಾಗಲೆಲ್ಲ ಮಾಳಮಡ್ಡಿಯ ನಮ್ಮ ಓಣಿಯವರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ‘ಅಲ್ಲೆ ಊಟಕ್ಕ ಏನ್ ಮಾಡ್ತೀಯವಾ?’ ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಅತ್ತೀ ಮನಿಯವ್ರು ಛಲೋ ಅದಾರಿಲ್ಲೋ?’ ಊಟ ನಡೆಯುತ್ತದೆ, ಅತ್ತೆ ಮನೆಯವರು ಒಳ್ಳೆಯವರು. ಎರಡಕ್ಕೂ ಉತ್ತರ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಯಾರೂ ಕೇಳದ್ದು ಇನ್ನೊಂದಿದೆ. ಜರ್ಮನಿಗೆ ಬಂದ ಹೊಸದರಲ್ಲಿ ನನ್ನನ್ನು ಸುಸ್ತು ಮಾಡಿದ್ದು ಅದೇ. ಎಷ್ಟು ಸಣ್ಣ ಕೆಲಸ ಇದ್ದರೂ ಗಂಡನ ಮುಖ ನೋಡಬೇಕು.

ಧಾರವಾಡದಲ್ಲಿ ನಾನು ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ಸ್ಕೂಟಿ ಹತ್ತಿ ಸುಭಾಸ ರೋಡಿಗೆ ಹೋಗಿ, ಅಂಗಡಿಯವನ ಜೊತೆ ಚೌಕಾಸಿ ಮಾಡಿ, ಅಪ್ಪನ ಪಿಂಚಣಿ ಕಾಗದ ಬ್ಯಾಂಕಿಗೆ ಕೊಟ್ಟು, ಬರುವಾಗ ಆಟೋದವನಿಗೆ ನಾಲ್ಕು ಮಾತು ಅಂದು ಬರುತ್ತಿದ್ದವಳು. ಅಂಥವಳಿಗೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೆಮ್ಮಿನ ಔಷಧ ಕೊಳ್ಳಲು ಗಂಡ ಜೊತೆಗೆ ಬರಬೇಕಾಯಿತು.

ನನ್ನ ಗಂಡ ಜರ್ಮನಿಯವರು, ಮಣ್ಣಿನ ಸಂಶೋಧನೆ ಮಾಡುವವರು. ಕೃಷಿ ವಿಶ್ವವಿದ್ಯಾಲಯದ ಕೆಲಸಕ್ಕೆಂದು ಧಾರವಾಡಕ್ಕೆ ಬಂದು, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಗುಂಡಿ ತೋಡುತ್ತಾ ತಿರುಗಿದವರು. ಆ ಗುಂಡಿಗಳಲ್ಲಿ ಒಂದು ನಮ್ಮ ಅಪ್ಪನ ಹೊಲದಲ್ಲಿತ್ತು. ಉಳಿದ ಕತೆ ಓಣಿಗೆಲ್ಲ ಗೊತ್ತು, ಇಲ್ಲಿ ಬೇಡ.

ಮದುವೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಧಾರವಾಡದಲ್ಲೇ ನೋಂದಣಿ ಆಯಿತು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸು ಹಾಕಿದ ಮೇಲೆ, ಯಾರದಾದರೂ ತಕರಾರು ಬರಬಹುದೆಂದು ಮತ್ತೆ 30 ದಿನ ಕಾಯಬೇಕು. ಮೂವರು ಸಾಕ್ಷಿ ಬೇಕು. ಕಚೇರಿಯ ಬೋರ್ಡಿಗೆ ನೋಟಿಸು ಅಂಟಿಸಿದ್ದೇ ತಡ, ಸೈಟಿನ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ಅಪ್ಪನ ಗೆಳೆಯರೊಬ್ಬರು ಅದನ್ನು ಓದಿ ಫೋನ್ ಮಾಡಿದರು. ‘ನಿಮ್ಮ ಮಗಳ ಹೆಸರಿನಾಕಿ ಇನ್ನೊಬ್ಬಾಕಿ ಊರಾಗ ಇದ್ದಾಳ ನೋಡ್ರಿ, ಫಾರಿನ್ನವನ್ನ ಮದಿವಿ ಆಗಾಕತ್ತಾಳ.’ ಅಪ್ಪ ಶಾಂತವಾಗಿ, ‘ಇನ್ನೊಬ್ಬಾಕಿ ಅಲ್ರಿ, ಅಕೀನ’ ಅಂದರಂತೆ.

ಗಂಡಿನ ಕಡೆಯ ಕಾಗದ ಬೇರೆ. ಮದುವೆಗೆ ಇವರಿಗೆ ಯಾವ ಅಡ್ಡಿಯೂ ಇಲ್ಲ ಅಂತ ಅವರ ಊರಿನ ನೋಂದಣಿ ಕಚೇರಿ ಒಂದು ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಆರೇ ತಿಂಗಳ ಆಯಸ್ಸು. ನಮ್ಮ ನೋಟಿಸಿನ ಲೆಕ್ಕಕ್ಕೂ ಅದರ ಆಯಸ್ಸಿಗೂ ತಾಳೆ ಹಾಕುವಷ್ಟರಲ್ಲಿ ಮದುವೆಯ ಸಂಭ್ರಮ ಅರ್ಧ ಇಳಿದಿತ್ತು. ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು. ಕಾಗದ ಅಸಲಿ ಅಂತ ಹೊರದೇಶದವರಿಗೆ ಸಾರುವ ನಮ್ಮ ದೇಶದ ಅಪೋಸ್ಟಿಲ್ ಮುದ್ರೆ ಬೇಕಾದಷ್ಟು ದೇಶಗಳಲ್ಲಿ ನಡೆಯುತ್ತದೆ, ಆದರೆ ಆ ಮುದ್ರೆಯ ಒಪ್ಪಂದಕ್ಕೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಎತ್ತಿರುವುದರಿಂದ ಅಲ್ಲಿ ನಡೆಯುವುದಿಲ್ಲ. ಕಾಗದ ನಿಜವೋ ಸುಳ್ಳೋ ಅಂತ ಅವರೇ ನಮ್ಮೂರಿಗೆ ಜನ ಕಳಿಸಿ ವಿಚಾರಿಸುವುದೂ ಉಂಟು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ವೀಸಾಕ್ಕೆ ಮೊದಲು ಎ1 ಪರೀಕ್ಷೆ. ಜರ್ಮನ್‌ನ ಮೊದಲ ಮೆಟ್ಟಿಲು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಎಲ್ಲ ಸೇರಿ 100ಕ್ಕೆ 60 ಬಂದರೆ ಪಾಸು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದೆ. ಹೆಸರು, ಊರು, ತರಕಾರಿ, ಗಂಟೆ ಎಷ್ಟು, ಇಷ್ಟರ ಮೇಲೆ ಅದು ಹೋಗುವುದಿಲ್ಲ. ಅಷ್ಟು ಕಲಿತು ಬಂದರೆ ಇಲ್ಲಿಯವರು ಮಾತಾಡುವುದು ಸ್ವಾಬಿಯನ್, ಈ ಸೀಮೆಯ ಆಡುಮಾತಿನ ಜರ್ಮನ್. ಪಠ್ಯಪುಸ್ತಕದ ಕನ್ನಡ ಕಲಿತವನನ್ನು ಸೀದಾ ಹುಬ್ಬಳ್ಳಿಯ ದುರ್ಗದ ಬೈಲಿಗೆ ತಂದು ನಿಲ್ಲಿಸಿದ ಹಾಗಾಯಿತು ನನ್ನ ಪರಿಸ್ಥಿತಿ. ಅವ್ವನ ಹತ್ತಿರ ಗೋಳು ತೋಡಿಕೊಂಡರೆ ಕಿಟೆಲ್ ಸಾಹೇಬರನ್ನು ಎಳೆದು ತಂದಳು. ‘ಅವ್ರು ಅಲ್ಲಿಂದ ಬಂದು ಕನ್ನಡ ಕಲ್ತು ಡಿಕ್ಷನರಿ ಬರದ್ರು. ನಿನಗ ಜರ್ಮನ್ ಕಲೀಲಿಕ್ಕೆ ಏನ್ ಧಾಡಿ?’ ಅವಳು ಓದಿದ್ದು ಕಿಟೆಲ್ ಕಾಲೇಜಿನಲ್ಲಿ, ಅದಕ್ಕೇ ಆ ಸಲಿಗೆ. ನಿಘಂಟು ಅಚ್ಚಾಗಿದ್ದು 1894ರಲ್ಲಿ. ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಇದೇ ಟ್ಯೂಬಿಂಗನ್‌ನಲ್ಲಿ. ನಮ್ಮ ಅತ್ತೆ ಮಾವ ಇಲ್ಲೇ ಹುಟ್ಟಿ ಬೆಳೆದವರು, ಅವರ ಹೆಸರೇ ಕೇಳಿರಲಿಲ್ಲ. ನಾನು ಹೇಳಿದ ಮೇಲೆ ಮಾವ ಬಹಳ ಹೊತ್ತು ಕಂಪ್ಯೂಟರ್ ಮುಂದೆ ಕೂತು ಓದಿದರು.

ಗಂಡನೇ ದುಭಾಷಿ ಆದರೆ ಏನಾಗುತ್ತದೆ ಅಂತ ಹೇಳಬೇಕು. ಒಂದು ಭಾನುವಾರ ಅತ್ತೆ ಮನೆಯಲ್ಲಿ ಊಟ. ಅರ್ಧ ಗಂಟೆ ಎಲ್ಲರೂ ಜೋರು ಜೋರು ಮಾತಾಡಿದರು. ಮಾವ ಟೇಬಲ್ ಕುಟ್ಟಿದರು, ನಾದಿನಿ ಎದ್ದು ಹೋಗಿ ಮತ್ತೆ ಬಂದು ಕೂತಳು, ಅತ್ತೆ ನಕ್ಕರು. ಏನಾಯ್ತು ಅಂತ ಗಂಡನನ್ನು ಕೇಳಿದೆ. ‘ಏನಿಲ್ಲ, ಕಾರಿನ ವಿಷಯ’ ಅಂದರು. ಅರ್ಧ ಗಂಟೆಯ ಮಾತು ನನ್ನ ಪಾಲಿಗೆ ಬಂದಿದ್ದು ಇಷ್ಟು! ಡಾಕ್ಟರ ಹತ್ತಿರ ಹೋದರೆ ಇನ್ನೂ ಕಷ್ಟ. ಹೊಟ್ಟೆನೋವು ನನಗೆ, ಅವರು ನೋಡುವುದು ಇವರನ್ನು. ‘ರಾತ್ರಿ ಜಾಸ್ತಿ ಆಗುತ್ತಾ ಇವರಿಗೆ?’ ಇವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳುತ್ತಾರೆ, ನಾನು ನಾಲ್ಕು ಮಾತು ಹೇಳಿದರೆ ಅವರಿಗೆ ಎರಡು ಮುಟ್ಟುತ್ತವೆ. ಕೆಲವು ಸಂಗತಿ ಗಂಡನ ಮುಂದೆ ಹೇಳಲು ಮನಸ್ಸೇ ಬರುವುದಿಲ್ಲ, ಅಲ್ವಾ? ಪಾಪ, ಅವರಿಗೂ ಸಾಕಾಗಿತ್ತು. ದಿನವಿಡೀ ಕೆಲಸ ಮಾಡಿ ಬಂದು, ನನಗೆ ಬಂದ ಟಪಾಲೆಲ್ಲ ಓದಿ ಹೇಳಬೇಕು. ನಮ್ಮ ಮೊದಲ ದೊಡ್ಡ ಜಗಳ ದೇಶದ ಮೇಲೂ ಅಲ್ಲ, ದೇವರ ಮೇಲೂ ಅಲ್ಲ. ವಿಮೆಯ ಪತ್ರ ನಾಳೆ ಓದಿ ಹೇಳಿದರೆ ಆಗೋದಿಲ್ವಾ ಅಂದದ್ದಕ್ಕೆ.

ಇದೇ ಇವರು ಧಾರವಾಡಕ್ಕೆ ಬಂದಾಗ ನೋಡಬೇಕು. ಅಲ್ಲಿ ಮೂಕರು ಅವರು. ಚಿಕ್ಕಮ್ಮಂದಿರು ಸುತ್ತ ಕೂತು ಹೋಳಿಗೆ ಮೇಲೆ ತುಪ್ಪ ಸುರಿಯುತ್ತಾ ಏನೇನೋ ಹೇಳಿ ನಗುತ್ತಾರೆ, ಇವರೂ ನಗುತ್ತಾರೆ. ನಾನು ‘ಏನಿಲ್ಲ, ಮಳೆ ವಿಷಯ’ ಅಂತ ಸೇಡು ತೀರಿಸಿಕೊಂಡದ್ದೂ ಉಂಟು. ಆದರೆ ಇವರಿಗೆ ಅದು ಖುಷಿ. ಯಾಕೆಂದರೆ ಅದು ರಜೆ, ಹೋಗುವ ಟಿಕೆಟ್ ಜೇಬಿನಲ್ಲಿದೆ. ನೋಡ್ರಿ, ಅಳಿಯ ಎಷ್ಟು ಬೇಗ ಹೊಂದಿಕೊಂಡ ಅಂತ ಓಣಿಯವರು ಹೊಗಳುವಾಗ ನನಗೆ ಸ್ವಲ್ಪ ಉರಿಯುತ್ತದೆ, ಸುಳ್ಳು ಯಾಕೆ.

ನನ್ನ ದಾರಿ ತೆರೆದದ್ದು ಭಾಷೆಯ ಕೋರ್ಸು. ಹೊರಗಿನಿಂದ ಬಂದು ನೆಲೆಸುವವರಿಗೆ ಸರ್ಕಾರ ನಡೆಸುವ ಇಂಟಿಗ್ರೇಷನ್ ಕೋರ್ಸಿನಲ್ಲಿ ಸಾಮಾನ್ಯವಾಗಿ 600 ಪಾಠ ಭಾಷೆಯದು, 100 ಪಾಠ ಇಲ್ಲಿಯ ಕಾನೂನು, ಇತಿಹಾಸ, ಜೀವನದ್ದು. ಕೊನೆಯಲ್ಲಿ 33 ಪ್ರಶ್ನೆಗಳ ಒಂದು ಪರೀಕ್ಷೆ ಬೇರೆ. ನನ್ನ ತರಗತಿಯಲ್ಲಿ ಸಿರಿಯಾದ ದರ್ಜಿ, ಉಕ್ರೇನಿನ ನರ್ಸು, ನನ್ನ ಹಾಗೇ ಮದುವೆಯಾಗಿ ಬಂದ ಬ್ರೆಜಿಲ್‌ನ ಹುಡುಗಿ ಇದ್ದರು. ಎಲ್ಲರ ಜರ್ಮನ್ ಒಂದೇ ಮಟ್ಟದ್ದು, ಹಾಗಾಗಿ ಯಾರಿಗೂ ನಾಚಿಕೆ ಇಲ್ಲ. ಗಂಡನ ಪರಿಚಯವಿಲ್ಲದೆ ನನಗೆ ಸಿಕ್ಕ ಮೊದಲ ಗೆಳತಿ ಆ ಬ್ರೆಜಿಲ್‌ನವಳು. ಇಬ್ಬರೂ ನೆಕ್ಕರ್ ನದಿಯ ದಂಡೆಯಲ್ಲಿ ಕೂತು ತಪ್ಪು ತಪ್ಪು ಜರ್ಮನ್‌ನಲ್ಲಿ ನಮ್ಮ ನಮ್ಮ ಗಂಡಂದಿರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಭಾಷೆ ಬೇಗ ಬರುವುದು ಹೀಗೇ ಅಂತ ನನ್ನ ನಂಬಿಕೆ.

ಮಗಳನ್ನು ಹೊರದೇಶದವರಿಗೆ ಕೊಡುವಾಗ ನಮ್ಮವರು ಸಂಬಳ ಕೇಳುತ್ತಾರೆ, ಮಾಂಸ ತಿನ್ನುತ್ತಾರಾ ಅಂತ ಕೇಳುತ್ತಾರೆ. ವಾಸದ ಪರವಾನಗಿ ಯಾರ ಮೇಲೆ ನಿಂತಿದೆ ಅಂತ ಕೇಳುವುದಿಲ್ಲ. ಜರ್ಮನ್ ಪ್ರಜೆಯನ್ನು ಮದುವೆಯಾಗಿ ಬಂದವಳಿಗೆ ಕೆಲಸ ಮಾಡುವ ಹಕ್ಕು ಮೊದಲಿನಿಂದಲೇ ಇರುತ್ತದೆ, ಅದು ದೊಡ್ಡ ಅನುಕೂಲ. ಆದರೆ ಪರವಾನಗಿ ನಿಂತಿರುವುದು ಮದುವೆಯ ಮೇಲೆ. ಸಾಮಾನ್ಯವಾಗಿ ಮೂರು ವರ್ಷ ಜರ್ಮನಿಯಲ್ಲಿ ಗಂಡ ಹೆಂಡತಿಯಾಗಿ ಒಟ್ಟಿಗೆ ಬಾಳಿದ ಮೇಲೆಯೇ, ಮದುವೆ ಮುರಿದರೂ ಅವಳಿಗೆ ಸ್ವಂತವಾಗಿ ಉಳಿಯುವ ಹಕ್ಕು ಬರುವುದು. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಅಷ್ಟು ಕಾಯಬೇಕಿಲ್ಲ, ಕಾನೂನಿನಲ್ಲಿ ವಿನಾಯಿತಿ ಇದೆ. ನನ್ನ ಗಂಡ ಒಳ್ಳೆಯವರು, ನನಗೆ ಇದರ ಗರಜು ಬೀಳಲಿಲ್ಲ. ಆದರೂ ಇದನ್ನು ತಿಳಿಯದೆ ವಿಮಾನ ಹತ್ತಬಾರದು.

ಇನ್ನು ರೊಟ್ಟಿಯ ಕತೆ. ಜೋಳದ ಹಿಟ್ಟು ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ತಾಜಾ ಅಲ್ಲ, ಜಿಗಿ ಕಡಿಮೆ. ಕುದಿಯುವ ನೀರು ಜಾಸ್ತಿ ಹಾಕಿ ನಾದಿದರೆ ಹೇಗೋ ಬಡಿಯಬಹುದು. ಉರಿ ಇಲ್ಲದ ಒಲೆ, ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸಬೇಕು. ಒಂದು ಭಾನುವಾರ ಮಧ್ಯಾಹ್ನ ಹೀಗೆ ಪಟಪಟ ಬಡಿಯುತ್ತಿದ್ದಾಗ ಬಾಗಿಲು ಸದ್ದಾಯಿತು. ಕೆಳಗಿನ ಮನೆಯ ಅಜ್ಜಿ. ಇಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ನಾವು ಏನೋ ಸುತ್ತಿಗೆ ಕೆಲಸ ಹಚ್ಚಿದ್ದೇವೆ ಅಂತ ಅವರ ಗುಮಾನಿ. ಗಂಡ ಮನೆಯಲ್ಲಿರಲಿಲ್ಲ. ಒಳಗೆ ಕರೆದು ಮಣೆ ತೋರಿಸಿದೆ, ಹಿಟ್ಟು ತೋರಿಸಿದೆ, ಒಂದು ರೊಟ್ಟಿ ಬಡಿದೂ ತೋರಿಸಿದೆ. ಅಜ್ಜಿ ಕೈಕಟ್ಟಿ ನಿಂತು ಪೂರ್ತಿ ನೋಡಿದರು. ಕರಗಿ ನೀರಾಗಿ ರೊಟ್ಟಿ ತಿಂದು ಹೋದರು ಅಂತ ನೀವು ಅಂದುಕೊಂಡಿದ್ದರೆ ತಪ್ಪು. ‘ಚೆನ್ನಾಗಿದೆ. ಶನಿವಾರ ಮಾಡಿ’ ಅಂದು ಇಳಿದು ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಶನಿವಾರ.

ಅದೇ ಅಜ್ಜಿ ನನಗೆ ಕೇರ್‌ವೋಖೆ ಕಲಿಸಿದವರು. ಈ ಸ್ವಾಬಿಯನ್ ಸೀಮೆಯಲ್ಲಿ ಮೆಟ್ಟಿಲು, ಅಂಗಳ ಗುಡಿಸುವ ಪಾಳಿ ವಾರಕ್ಕೊಂದು ಮನೆಗೆ ಬರುತ್ತದೆ, ಪಾಳಿಯವರ ಬಾಗಿಲಿಗೆ ಒಂದು ಫಲಕ ತೂಗಿಬೀಳುತ್ತದೆ. ನಾನು ಮೆಟ್ಟಿಲು ಒರೆಸುವಾಗ ಅವರು ಬಾಗಿಲು ತೆಗೆದು ನಿಲ್ಲುತ್ತಾರೆ, ಮೂಲೆ ತೋರಿಸುತ್ತಾರೆ, ಮಾತಾಡಿಸುತ್ತಾರೆ. ಅವರ ಸ್ವಾಬಿಯನ್ ನನಗೆ ಈಗ ತಿಳಿಯುತ್ತದೆ. ನನ್ನ ಗಂಡನ ಪಾಳಿ ಬಂದರೆ ಅವರಿಗೆ ಸಮಾಧಾನವೇ ಇಲ್ಲ. ಅಷ್ಟು ಚೊಕ್ಕ ಮಾಡುವುದಿಲ್ಲವಂತೆ.

ಅತ್ತೆಯ ವಿಷಯದಲ್ಲಿ ತೊಡಕಾಗಿದ್ದು ಒಂದೇ. ಅವರು ಹತ್ತು ನಿಮಿಷದ ದಾರಿಯಲ್ಲಿದ್ದಾರೆ, ಆದರೆ ದಿನ ಗೊತ್ತುಮಾಡದೆ ಬರುವುದಿಲ್ಲ. ಅವ್ವನಿಗೆ ಇದು ಇವತ್ತಿಗೂ ಒಗ್ಗಿಲ್ಲ. ‘ಹೇಳಿ ಕೇಳಿ ಬರೋದಂದ್ರ ಅದೆಂಥಾ ಬೀಗಸ್ತನ?’ ನನಗೆ ಒಗ್ಗಿದೆ. ಒಗ್ಗಿದ್ದು ಮಾತ್ರವಲ್ಲ, ಧಾರವಾಡದಲ್ಲಿ ಬೆಳಗ್ಗೆ ಏಳಕ್ಕೆ ಯಾರಾದರೂ ಬಾಗಿಲು ಬಡಿದರೆ ಈಗ ನನಗೇ ಕಿರಿಕಿರಿ. ಅತ್ತೆಯ ಕೈಯ ಬೇಳೆಯೂ ಸ್ಪೇಟ್ಸ್‌ಲೆಯೂ ನನಗೆ ಇಷ್ಟ. ಚೆನ್ನಂಗಿ ಬೇಳೆಯ ಜಾತಿಯ ಕಾಳು ಬೇಯಿಸಿ, ಸ್ವಲ್ಪ ವಿನೆಗರ್ ಹಾಕಿ, ಮೊಟ್ಟೆ ಹಿಟ್ಟಿನ ಶ್ಯಾವಿಗೆಯ ಜೊತೆ ಕೊಡುತ್ತಾರೆ. ಮೇಲಿಡುವ ಸಾಸೇಜನ್ನು ನನ್ನ ತಟ್ಟೆಯಿಂದ ದೂರವಿಡುತ್ತಾರೆ, ಬದಲಿಗೆ ನಾನು ಒಯ್ದ ಗುರೆಳ್ಳು ಚಟ್ನಿಪುಡಿಯ ಡಬ್ಬಿ ಇಡುತ್ತಾರೆ.

ಈಗ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಡಾಕ್ಟರು ಬೇರೆ, ಗಂಡನ ಡಾಕ್ಟರು ಬೇರೆ. ಬ್ಯಾಂಕ್ ಖಾತೆ ನನ್ನದು. ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಪೌರತ್ವದ್ದು. 2024ರ ಜೂನ್‌ನಿಂದ ಜರ್ಮನಿ ಎರಡು ದೇಶದ ಪೌರತ್ವಕ್ಕೆ ಒಪ್ಪಿದೆ, ಆದರೆ ಭಾರತ ಒಪ್ಪುವುದಿಲ್ಲ. ಜರ್ಮನಿಯದು ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಬೇಕು. ಅಪ್ಪನ ಪ್ರಶ್ನೆ ಒಂದೇ: ‘ಎರಿ ಹೊಲದ ಗತಿ?’ ಓಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ವಾರಸದಿಂದ ಬಂದರೆ ಇಟ್ಟುಕೊಳ್ಳಬಹುದು ಅಂತ ಹೇಳಿದೆ. ‘ಹಂಗಾರ ನಾ ಸಾಯೂ ತನಕ ತಡಿ’ ಅಂದು ನಕ್ಕರು. ನಾನು ಅರ್ಜಿ ಹಾಕಿಲ್ಲ. ಹಾಕುವುದಿಲ್ಲ ಅಂತಲೂ ಇಲ್ಲ.

ಮೊನ್ನೆ ಗದಗಿನ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ದೂರದ ನೆಂಟರ ಮಗಳು, ಹುಡುಗ ಮ್ಯೂನಿಕ್ ಕಡೆಯವನು. ಎ1 ಆಗಿದೆಯಂತೆ. ಬರುವ ಮೊದಲೇ ಎ2 ಕೂಡ ಓದಿ ಬಾ, ಕೋರ್ಸು ಎಲ್ಲಿ ನಡೆಯುತ್ತದೆ ಅಂತ ಹುಡುಗನಿಂದ ಈಗಲೇ ಕೇಳಿಸು, ನಿನ್ನ ಡಿಗ್ರಿಯ ಕಾಗದಗಳ ಅನುವಾದ ಮಾಡಿಸಿಕೊಂಡು ಬಾ ಅಂದೆ. ಎಲ್ಲ ಬರೆದುಕೊಂಡಳು. ಕೊನೆಗೆ, ಬ್ಯಾಗಿನಲ್ಲಿ ಏನೇನು ತರಲಿ ಅಂತ ಕೇಳಿದಳು. ಶೇಂಗಾ ಚಟ್ನಿ ತಾ, ಸಣ್ಣದೊಂದು ಕಬ್ಬಿಣದ ಹಂಚು ತಾ. ಧಾರವಾಡ ಪೇಢಾ ಮಾತ್ರ ಬೇಡ. ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪಿನ ಒಳಗೆ ಬ್ಯಾಗಿನಲ್ಲಿ ತರುವ ಹಾಗಿಲ್ಲ, ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ‘ಹಂಗಾದ್ರ ಅತ್ತೀಗೆ ಏನ್ ಒಯ್ಯೂದ್ರಿ ಅಕ್ಕಾ?’ ಅಂದಳು. ಕರದಂಟು ತಗೊಂಡು ಬಾ, ಬಾಯಿಗೆ ಹಾಕುವ ಮೊದಲು ತುಪ್ಪ ಎಷ್ಟಿದೆ ಅಂತ ಮಾತ್ರ ಹೇಳಬೇಡ ಅಂದೆ.