ದಿನವೂ ಔಷಧಿ ಕೊಟ್ಟರೆ ಮಗುವಿಗೆ ಅದೇ ಅಭ್ಯಾಸವಾಗುವುದಿಲ್ಲವೇ?

ಶಿವಮೊಗ್ಗದಲ್ಲಿ ಮಕ್ಕಳ ವೈದ್ಯನಾಗಿರುವ ನನ್ನನ್ನು ಮಲಬದ್ಧತೆಯ ವಿಷಯದಲ್ಲಿ ಜನರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ತಾಯಂದಿರು, ಚೀಟಿಯಲ್ಲಿ ‘ಮೂರು ತಿಂಗಳು’ ಎಂದು ಬರೆದಿರುವುದನ್ನು ಕಂಡೊಡನೆ, "ಡಾಕ್ಟ್ರೇ, ಆಮೇಲೆ ಔಷಧಿ ಇಲ್ಲದೆ ಹೋಗೋದೇ ಇಲ್ಲ ಅಂತಾದ್ರೆ?" ಎನ್ನುತ್ತಾರೆ. ವೈದ್ಯರು ಹೇಳಿದ ಕ್ರಮದಲ್ಲಿ ಕೊಟ್ಟರೆ ಹಾಗಾಗುವುದಿಲ್ಲ. ಅರ್ಧಕ್ಕೆ ನಿಲ್ಲಿಸುವುದರಿಂದಲೇ ತೊಂದರೆ ಮರುಕಳಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಮ್ಮೆ ಗಟ್ಟಿಯಾದ ಮಲ ಹೋಗುವಾಗ ನೋವಾದರೆ ಮಗು ಮುಂದಿನ ಸಲ ತಡೆದುಕೊಳ್ಳುತ್ತದೆ. ಶಾಲೆಯ ಶೌಚಾಲಯಕ್ಕೆ ಹೋಗಲು ಮನಸ್ಸಿಲ್ಲದ ಮಕ್ಕಳು ಸಂಜೆಯವರೆಗೂ ತಡೆದಿರುತ್ತಾರೆ. ಹೀಗೆ ಒಳಗೇ ಉಳಿದ ಮಲದಿಂದ ಕರುಳು ನೀರನ್ನು ಹೀರಿಕೊಳ್ಳುತ್ತಲೇ ಇರುವುದರಿಂದ ಅದು ಇನ್ನಷ್ಟು ಗಟ್ಟಿಯಾಗಿ, ನೋವು ಹೆಚ್ಚಿ, ಹೆದರಿಕೆಯೂ ಬಲಿಯುತ್ತದೆ. ಬಾಗಿಲ ಹಿಂದೆ ಕಾಲು ಹೆಣೆದು, ಮುಖ ಕೆಂಪಾಗಿಸಿಕೊಂಡು ನಿಂತ ಮಗು ಮಲ ಹೊರಹಾಕಲು ತಿಣುಕುತ್ತಿದೆ ಎಂದು ಮನೆಯವರು ಭಾವಿಸುತ್ತಾರೆ, ಆದರೆ ಅದು ತಡೆಯುತ್ತಿರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಮಲಾಶಯ ಹಿಗ್ಗಿ, ಮಲ ತುಂಬಿದ್ದು ಮಗುವಿಗೆ ತಿಳಿಯುವುದೇ ಕಡಿಮೆಯಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ಜಿನುಗಿ ಚಡ್ಡಿಯಲ್ಲಿ ಆಗುತ್ತದೆ. ಇದನ್ನು ಭೇದಿಯೆಂದು ತಿಳಿದು ಔಷಧಿ ನಿಲ್ಲಿಸುವವರಿದ್ದಾರೆ, ಮಗುವಿಗೆ ಹೊಡೆಯುವವರೂ ಇದ್ದಾರೆ. ದಯವಿಟ್ಟು ಹೊಡೆಯಬೇಡಿ, ಅದು ಮಗುವಿನ ಹತೋಟಿಯಲ್ಲಿಲ್ಲ.

ಸಾಮಾನ್ಯವಾಗಿ ನಾವು ಮೊದಲು ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ತನ್ನೊಡನೆ ಕಲಸಿದ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಾಗಿಸುವುದಷ್ಟೇ ಅದರ ಕೆಲಸ. ಆದುದರಿಂದಲೇ ಹೇಳಿದಷ್ಟು ನೀರಿನಲ್ಲಿ ಕಲಸಬೇಕು. ಕಟ್ಟಿಕೊಂಡದ್ದನ್ನು ಹೊರಹಾಕಲು ಮೂರರಿಂದ ಆರು ದಿನ, ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ ಬೇಕಾಗುತ್ತದೆ. ನಂತರ ದಿನಕ್ಕೆ ಪ್ರತಿ ಕಿಲೋಗೆ ಸುಮಾರು 0.4 ಗ್ರಾಂನಿಂದ ಮುಂದುವರಿಸಿ, ಮಗುವಿಗೆ ಹೊಂದುವಂತೆ ವೈದ್ಯರು ಪ್ರಮಾಣವನ್ನು ಬದಲಿಸುತ್ತಾರೆ. ಲ್ಯಾಕ್ಟುಲೋಸ್ ಸಿರಪ್ಪೂ ಆಗುತ್ತದೆ, ಸ್ವಲ್ಪ ಹೊಟ್ಟೆಯುಬ್ಬರ ಬರಬಹುದು. ಕನಿಷ್ಠ ಎರಡು ತಿಂಗಳು ಕೊಡಬೇಕು. ಎಲ್ಲ ತೊಂದರೆಯೂ ನಿಂತು ಒಂದು ತಿಂಗಳಾದ ಮೇಲೆಯೇ ನಿಧಾನವಾಗಿ ಇಳಿಸಬೇಕು. ಹಿಗ್ಗಿದ ಮಲಾಶಯ ಮೊದಲಿನಂತಾಗಲು, ನೋವಿನ ನೆನಪು ಮಾಸಲು ಅಷ್ಟು ಕಾಲ ಬೇಕು.

ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಮಲದ್ವಾರದಲ್ಲಿ ಇಡುವ, ಸೋಪಿನ ಚೂರು ಇಡುವ ರೂಢಿಯನ್ನು ಮಾತ್ರ ಬಿಡಿ ಎಂದು ಅಜ್ಜಿಯಂದಿರಲ್ಲಿ ಕೈಮುಗಿದು ಕೇಳುತ್ತೇನೆ. ಸೋಪು ಆ ಜಾಗದಲ್ಲಿ ಉರಿ ತರುತ್ತದೆ, ಎರಡೂ ಮಗುವಿನ ಹೆದರಿಕೆಯನ್ನು ಹೆಚ್ಚಿಸುತ್ತವೆ. ಬಾಳೆಹಣ್ಣು, ಸೊಪ್ಪು, ಮಳೆಗಾಲದಲ್ಲಿ ಮಕ್ಕಳು ಮರೆತೇಬಿಡುವ ನೀರು ಎಲ್ಲವೂ ಬೇಕು, ಆದರೆ ಈಗಾಗಲೇ ಕಟ್ಟಿಕೊಂಡದ್ದನ್ನು ಅವಷ್ಟೇ ಕರಗಿಸಲಾರವು. ಊಟವಾದ ಮೇಲೆ ಐದು ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲಡಿಗೆ ಮಣೆಯಿಡಿ.

ಹುಟ್ಟಿ 48 ಗಂಟೆಯಾದರೂ ಮೊದಲ ಮಲ ಹೋಗಿರದಿದ್ದರೆ, ಹಸಿರು ವಾಂತಿ, ಹೊಟ್ಟೆ ಬಿಗಿದು ಉಬ್ಬುವುದು, ತೂಕ ಏರದಿರುವುದು, ಕಾಲುಗಳಲ್ಲಿ ಬಲಹೀನತೆ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಬೇರೆ ಕಾಯಿಲೆಯಿರಬಹುದು. ಅಂಥ ಮಗುವಿಗೆ ಪುಡಿ ಕೊಟ್ಟು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.